ನೀವು ಕಳೆ ಅಂದದ್ದು ನಮ್ಮ ಮನೆಯ ತಂಬುಳಿ

ಉತ್ತರ ಕನ್ನಡ ಜಿಲ್ಲೆಯ ಎಲ್ಲ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರಿಗೆ, ಪಿಡಿಒಗಳಿಗೆ ಮತ್ತು ಜೀವವೈವಿಧ್ಯ ನಿರ್ವಹಣಾ ಸಮಿತಿಯವರಿಗೆ,

ನಮಸ್ಕಾರ.

ನಾನು ಸಿರ್ಸಿ ತಾಲ್ಲೂಕಿನ ಒಂದು ಹಳ್ಳಿಯವಳು. ತವರು ಘಟ್ಟದ ಕೆಳಗೆ, ಕುಮಟಾ ಕಡೆ. ಮದುವೆಯಾಗಿ ದೇವಿಮನೆ ಘಟ್ಟ ಹತ್ತಿ ಬಂದು ಮೂವತ್ತೆರಡು ವರ್ಷ ಆಯಿತು. ಒಂದಿಷ್ಟು ಅಡಿಕೆ ತೋಟ, ಎರಡು ಹಸು, ಒಂದು ಬಾವಿ. ನಾನು ಡಾಕ್ಟರೂ ಅಲ್ಲ, ನಾಟಿ ವೈದ್ಯಳೂ ಅಲ್ಲ. ದಿನಾ ಮಧ್ಯಾಹ್ನ ಊಟಕ್ಕೆ ಸೊಪ್ಪು ಬೀಸಿ ಮಜ್ಜಿಗೆ ಬೆರೆಸಿ ಒಂದು ತಂಬುಳಿ ಮಾಡುವವಳು, ಅಷ್ಟೇ. ಆ ತಂಬುಳಿಯ ವಿಷಯಕ್ಕೇ ಈ ಪತ್ರ.

ಕಳೆದ ಚೌತಿ ಎದುರಿಗೆ ಬಂದಿತ್ತು. ಊರಿಗೆ ಯಾರೋ ದೊಡ್ಡವರು ಬರುವವರಿದ್ದರಂತೆ. ರಸ್ತೆ ಬದಿ ಚೊಕ್ಕ ಆಗಬೇಕು ಅಂತ ಪಂಚಾಯಿತಿಯಿಂದ ಆದೇಶ ಹೋಗಿದೆ. ಮೊದಲೆಲ್ಲ ನಾಲ್ಕು ಜನ ಕತ್ತಿ ಹಿಡಿದು ಬರುತ್ತಿದ್ದರು, ಎರಡು ದಿನ ಹುಲ್ಲು ಸವರುತ್ತಿದ್ದರು. ಈ ಸಲ ಬೆನ್ನಿಗೆ ಪಂಪು ಕಟ್ಟಿಕೊಂಡು ಒಬ್ಬನೇ ಬಂದು ಒಂದು ತಾಸಿನಲ್ಲಿ ಮುಗಿಸಿ ಹೋಗಿದ್ದಾನೆ. ಆ ಹೊತ್ತಿಗೆ ನಾನು ಸಿರ್ಸಿ ಪೇಟೆಗೆ ಹೋಗಿದ್ದೆ. ನೋಡಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಗೇಟು ದಾಟಿ ಹೋದೆ. ನಮ್ಮ ಗೇಟಿನಿಂದ ಕಿರುಸೇತುವೆಯವರೆಗೆ ಚರಂಡಿಯ ಬದಿಗೆ ಒಂದೆಲಗ ಹಾಸಿಕೊಂಡಿರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಎಲೆ ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡದಾಗುತ್ತದೆ. ಒಂದು ಹಿಡಿ ಕೊಯ್ದು ತಂದೆ. ಎಲೆ ಹಸಿರಾಗಿಯೇ ಇತ್ತು. ವಾಸನೆಯಲ್ಲೂ ಏನೂ ಗೊತ್ತಾಗಲಿಲ್ಲ. ಮೂರು ಸಲ ತೊಳೆದೆ, ಬೀಸಿದೆ, ಮಜ್ಜಿಗೆ ಹಾಕಿದೆ. ಮನೆಯವರು ಊಟ ಮಾಡಿದರು. ರಜೆಗೆ ಬಂದಿದ್ದ ಮಗಳ ಮಗ, ನಾಲ್ಕು ವರ್ಷದವನು, ಎರಡು ಸಲ ಹಾಕಿಸಿಕೊಂಡು ಉಂಡ. ಸಂಜೆ ಹಾಲು ಡೇರಿಯ ಹತ್ತಿರ ಯಾರೋ ಹೇಳಿದರು, “ನಿನ್ನೆ ರೋಡ್ ಬದಿಗೆಲ್ಲ ಔಷಧಿ ಹೊಡ್ದಿದಾರೆ, ದನ ಬಿಡಬೇಡಿ” ಅಂತ.

ಔಷಧಿ! ನಮ್ಮ ಭಾಷೆಯ ತಮಾಷೆ ನೋಡಿ. ಗಿಡ ಸಾಯಿಸುವ ವಿಷಕ್ಕೂ ಔಷಧಿ ಅಂತಲೇ ಅನ್ನುತ್ತೇವೆ.

ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಆ ರಾತ್ರಿ ನಾನು ಮೂರು ಸಲ ಎದ್ದು ಮೊಮ್ಮಗನ ಹೊಟ್ಟೆ ಮುಟ್ಟಿ ನೋಡಿದೆ. ಮೂರನೇ ದಿನ ಒಂದೆಲಗದ ಎಲೆಯ ಅಂಚು ಹಳದಿಗೆ ತಿರುಗಿತು. ವಾರ ಕಳೆಯುವಷ್ಟರಲ್ಲಿ ಇಡೀ ಬದು ಹೊಗೆಸೊಪ್ಪಿನ ಬಣ್ಣಕ್ಕೆ ಬಂತು. ಅಂದರೆ, ಹೊಡೆದ ಮೊದಲ ಎರಡು ದಿನ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಸೊಪ್ಪು ಕೊಯ್ಯುವವರಿಗೆ ಭಯ ಇರುವುದು ಆ ಎರಡು ದಿನದಲ್ಲಿಯೇ. ಇದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ, ಯಾಕೆಂದರೆ ಸೊಪ್ಪು ಕೊಯ್ಯುವವರು ಗ್ರಾಮಸಭೆಗೆ ಬರುವುದು ಕಡಿಮೆ. ಆ ಹೊತ್ತಿಗೆ ನಮಗೆ ಕೊಟ್ಟಿಗೆ ಕೆಲಸ ಇರುತ್ತದೆ.

ಕೇಳಲು ಪಂಚಾಯಿತಿಗೆ ಹೋದೆ. ಯಾವ ಪಂಚಾಯಿತಿ ಅಂತ ಇಲ್ಲಿ ಬರೆಯುವುದಿಲ್ಲ. ಅಲ್ಲಿ ಕೂತವರು ಒಳ್ಳೆಯವರೇ, ಚಹಾ ಕೊಟ್ಟರು. “ಮೇಡಂ, ಅದು ಕಳೆ ಅಲ್ವಾ?” ಅಂತ ಕೇಳಿದರು. ವ್ಯಂಗ್ಯಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದು. ಸಿಟ್ಟು ಮಾಡಲು ಹೋದವಳು ಸುಮ್ನೆ ಚಹಾ ಕುಡಿದು ಬಂದೆ. ಆ ಒಂದು ಪ್ರಶ್ನೆಗೆ ಉತ್ತರ ಕೊಡಲು ಇಷ್ಟು ದಿನ ಬೇಕಾಯಿತು.

ಒಂದೆಲಗ ಅಂದರೆ ಹೆಸರೇ ಹೇಳುವಂತೆ ಒಂದೊಂದೇ ಎಲೆ. ಬಳ್ಳಿ ನೆಲಕ್ಕೆ ಅಂಟಿ ಹರಿಯುತ್ತದೆ, ಗಿಣ್ಣು ಗಿಣ್ಣಿಗೆ ಬೇರು ಬಿಡುತ್ತದೆ. ತೊಟ್ಟಿನ ಮೇಲೆ ಕೊಡೆ ಹಿಡಿದ ಹಾಗೆ ದುಂಡನೆಯ ಎಲೆ ನಿಲ್ಲುತ್ತದೆ. ಕಾರವಾರ ಕಡೆ ಕೊಂಕಣಿಯವರು ಏಕಪಾನಿ ಅನ್ನುತ್ತಾರೆ, ದಕ್ಷಿಣಕ್ಕೆ ಹೋದರೆ ತುಳುವರ ತಿಮರೆ. ಮೂರು ಭಾಷೆಯವರೂ ಇದನ್ನು ಊಟದ ಎಲೆಗೇ ತಂದುಕೊಂಡಿದ್ದಾರೆ, ಕಳೆ ಅಂತ ಯಾರೂ ಕಿತ್ತು ಬಿಸಾಡಿಲ್ಲ.

ತಂಬುಳಿ ಮಾಡುವುದು ಹೀಗೆ. ಒಂದು ಹಿಡಿ ಎಲೆ, ಬೇರು ಸಮೇತ ಆದರೂ ಸರಿ, ಮಣ್ಣು ಹೋಗುವವರೆಗೆ ತೊಳೆಯಬೇಕು. ಒಂದು ಚಮಚ ಜೀರಿಗೆ, ಏಳೆಂಟು ಕಾಳುಮೆಣಸು ತುಪ್ಪದಲ್ಲಿ ಹುರಿಯಬೇಕು. ಮುಷ್ಟಿ ಕಾಯಿತುರಿ ಸೇರಿಸಿ ನುಣ್ಣಗೆ ಬೀಸಿ, ಹುಳಿ ಮಜ್ಜಿಗೆ ಹಾಕಿ ತೆಳ್ಳಗೆ ಮಾಡಿ, ಉಪ್ಪು ಹಾಕಿ ಒಗ್ಗರಣೆ ಕೊಟ್ಟರೆ ಆಯಿತು. ಒಂದೆಲಗಕ್ಕೆ ಕುದಿಸುವುದು ಬೇಡ, ಹಸಿ ಎಲೆಯೇ. ಚಿಗುರುಗಳದ್ದಾದರೆ, ಕುಸುಮಾಲೆಯದ್ದೋ ನೆಕ್ಕರಿಕೆಯದ್ದೋ, ತುಪ್ಪದಲ್ಲಿ ಬಾಡಿಸಿಕೊಳ್ಳಬೇಕು. ದಾಳಿಂಬೆ ಸಿಪ್ಪೆಯದ್ದು ಹೊಟ್ಟೆ ಕೆಟ್ಟಾಗ, ಮೆಂತೆಯದ್ದು ಬೇಸಿಗೆಗೆ, ಶುಂಠಿಯದ್ದು ಜ್ವರ ಬಿಟ್ಟ ಮೇಲೆ ಬಾಯಿ ರುಚಿಗೆ. ದೊಡ್ಡಪತ್ರೆಯದ್ದು ಮಕ್ಕಳಿಗೆ ಶೀತ ಆದಾಗ. ನಮ್ಮ ಅತ್ತೆ ಇವನ್ನು ಮದ್ದು ಅಂತ ಕರೆದದ್ದೇ ಇಲ್ಲ. “ಇವತ್ತು ಇದು ಮಾಡು” ಅನ್ನುತ್ತಿದ್ದರು, ಅಷ್ಟೇ. ಅವರು ಯಾಕೆ ಹಾಗಂದರು ಅನ್ನುವುದು ನನಗೆ ಹತ್ತು ವರ್ಷ ಕಳೆದ ಮೇಲೆ ತಿಳಿಯಿತು. ಹಿಂದಿನ ದಿನ ಮನೆಯಲ್ಲಿ ಯಾರು ಎಷ್ಟು ಸಲ ಹಿತ್ತಿಲ ಕಡೆ ಹೋದರು ಅನ್ನುವ ಲೆಕ್ಕ ಅವರ ತಲೆಯಲ್ಲಿರುತ್ತಿತ್ತು.

ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗಳು ಮುಖಕ್ಕೆ ಹಚ್ಚುವ ಒಂದು ಕ್ರೀಮು ತಂದಿದ್ದಳು. ಬೆರಳುದ್ದದ ಟ್ಯೂಬು. ಬೆಲೆ ಕೇಳಿ ನನಗೆ ತಲೆ ತಿರುಗಿತು. ಮೇಲೆ ‘ಸಿಕಾ’ ಅಂತ ಬರೆದಿತ್ತು, ಪಕ್ಕದಲ್ಲಿ ಒಂದು ದುಂಡನೆಯ ಎಲೆಯ ಚಿತ್ರ. “ಇದು ಎಂತಾ ಎಲೆಯೇ?” ಅಂದೆ. ಮೊಬೈಲಿನಲ್ಲಿ ಹುಡುಕಿ ತೋರಿಸಿದಳು. ಸೆಂಟೆಲ್ಲಾ ಏಷಿಯಾಟಿಕಾ. ನಮ್ಮ ಚರಂಡಿ ಬದಿಯದ್ದೇ! ಅದರಲ್ಲಿ ಏಷಿಯಾಟಿಕೋಸೈಡ್ ಅನ್ನುವ ಅಂಶ ಇದೆಯಂತೆ, ಗಾಯ ಮಾಯಲು ಒಳ್ಳೆಯದಂತೆ. ಹೊರದೇಶದವರು ಟ್ಯೂಬಿನಲ್ಲಿ ತುಂಬಿ ಮಾರುವ ಎಲೆಗೆ ನಾವು ದುಡ್ಡು ಕೊಟ್ಟು ವಿಷ ತಂದು ಹೊಡೆಯುತ್ತಿದ್ದೇವೆ.

ವಿಷದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಪಂಪು ಹಿಡಿದು ಬಂದವನನ್ನು ಆಮೇಲೆ ಮಾತಾಡಿಸಿದೆ. ಪಾಪದ ಹುಡುಗ. ಕೈಗೆ ಗ್ಲೌಸ್ ಇಲ್ಲ, ಬಾಯಿಗೆ ಕಟ್ಟಿದ್ದು ಒಂದು ಟವೆಲ್ಲು. “ನನಗೆ ಎಂತ ಗೊತ್ತು ಅಮ್ಮಾ, ಕ್ಯಾನು ಕೊಟ್ರು, ಹೊಡ್ದೆ” ಅಂದ. ಖಾಲಿ ಕ್ಯಾನು ತೋರಿಸಿದ. ಗ್ಲೈಫೋಸೇಟ್ ಅಂತಿತ್ತು. ಈ ಗ್ಲೈಫೋಸೇಟನ್ನು ಕೀಟ ನಿಯಂತ್ರಣದ ಪರವಾನಗಿ ಇದ್ದವರು ಮಾತ್ರ ಬಳಸಬೇಕು ಅಂತ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲೇ ಅಧಿಸೂಚನೆ ಹೊರಡಿಸಿದೆ. ಮನುಷ್ಯರಿಗೂ ಪ್ರಾಣಿಗಳಿಗೂ ಅಪಾಯ ಇರಬಹುದು ಅನ್ನುವ ಕಾರಣಕ್ಕೇ. ಆ ಹುಡುಗನ ಹತ್ತಿರ ಇದ್ದದ್ದು ಜಾಬ್ ಕಾರ್ಡು ಒಂದೇ.

ತೋಟದವರೂ ಹೊಡೆಯುತ್ತಾರೆ, ಅದು ನನಗೆ ಗೊತ್ತು. ನಮ್ಮ ಸಂಬಂಧಿಕರೇ ಹೊಡೆಯುತ್ತಾರೆ. ಕೂಲಿಗೆ ಜನ ಸಿಗುವುದಿಲ್ಲ ಅನ್ನುವುದು ಸುಳ್ಳಲ್ಲ. ಅವರ ಹತ್ತಿರ ನಾನು ಬೇರೆ ಜಗಳ ಆಡುತ್ತೇನೆ, ಮದುವೆ ಮನೆಗಳಲ್ಲಿ. ಆದರೆ ರಸ್ತೆ ಬದಿ, ಶಾಲೆಯ ಅಂಗಳ, ಸಾರ್ವಜನಿಕ ಬಾವಿಯ ಕಟ್ಟೆ, ಕೆರೆಯ ಏರಿ, ಇವು ಯಾರ ತೋಟವೂ ಅಲ್ಲ. ಇವು ನಿಮ್ಮ ಕೈಯಲ್ಲಿರುವ ಜಾಗ. ತೋಟ ಇಲ್ಲದವರು ಸೊಪ್ಪು ಕೊಯ್ಯುವುದು ಇಲ್ಲಿಂದಲೇ.

ಮಳೆ ಬಿದ್ದ ಎರಡು ವಾರಕ್ಕೆ ಚಗಟೆ ಸೊಪ್ಪು ಏಳುತ್ತದೆ. ಕೊಂಕಣಿಯವರ ತಾಯ್ಕಿಳೊ. ಅದು ಏಳುವುದು ಗದ್ದೆಯಲ್ಲಲ್ಲ, ಬಸ್ ಸ್ಟಾಪಿನ ಹಿಂದೆ, ಶಾಲೆಯ ಕಾಂಪೌಂಡಿನ ಬದಿಗೆ. ಎಳೆಯದಿದ್ದಾಗ ಪಲ್ಯ, ವಡೆ. ಮಳೆ ಜೋರಾದರೆ ಮರದ ಕವಲಿನಲ್ಲಿ ಮರಕೆಸು. ಅಮಟೆಕಾಯಿ ಇಲ್ಲವೇ ಹುಣಸೆಹುಳಿ ಹಾಕದೆ ಮಾಡಿದರೆ ಗಂಟಲು ತುರಿಸಿ ಮನೆಯವರೆಲ್ಲ ನಿಮ್ಮನ್ನೇ ನೋಡುತ್ತಾರೆ. ಆಮೇಲೆ ಕಳಲೆ, ಅಂದರೆ ಎಳೆ ಬಿದಿರು. ತರಕಾರಿ ಗಾಡಿ ಬಾರದ ಮಳೆಗಾಲದ ಮೂರು ತಿಂಗಳು ಈ ಸೊಪ್ಪುಗಳೇ ಹೊಟ್ಟೆ ನೋಡಿಕೊಂಡದ್ದು. ಇವುಗಳ ಮದ್ದಿನ ಗುಣ ಎಷ್ಟು ಅಂತ ನಾನು ಅಳೆದು ಹೇಳಲಾರೆ. ಆದರೆ ಅನ್ನ-ಸಾರು ಬಿಟ್ಟು ಬೇರೇನೂ ಇಲ್ಲದ ಮನೆಯಲ್ಲಿ ದಿನಾ ಒಂದು ಸೊಪ್ಪು ಹೊಟ್ಟೆಗೆ ಹೋದರೆ ಎಂತಾ ವ್ಯತ್ಯಾಸ ಆಗುತ್ತದೆ ಅನ್ನುವುದನ್ನು ನೀವೂ ನಿಮ್ಮ ಅಜ್ಜಿ ಮನೆಯಲ್ಲಿ ಕಂಡವರೇ.

ಈಗ ನಿಮ್ಮ ಪಂಚಾಯಿತಿ ಬೀರುವಿನಲ್ಲಿರುವ ಒಂದು ಪುಸ್ತಕದ ವಿಷಯ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿ ಊರವರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಊರಲ್ಲಿ ಯಾವ ಗಿಡ ಇದೆ, ಯಾವ ತಳಿ ಇದೆ, ಜನ ಅದನ್ನು ಏನಕ್ಕೆ ಬಳಸುತ್ತಾರೆ, ಎಲ್ಲ ಅದರಲ್ಲಿ ಇರಬೇಕು. ಎಷ್ಟೋ ವರ್ಷ ದೇಶದಲ್ಲಿ ಹೆಚ್ಚಿನ ಕಡೆ ಇದು ಆಗಲೇ ಇಲ್ಲ. ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ಕೊಟ್ಟಿತು. 2020ರ ಜನವರಿ 31ರ ಒಳಗೆ ಮುಗಿಸಿ, ಇಲ್ಲದಿದ್ದರೆ ರಾಜ್ಯ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಅಂತ. ಆಮೇಲೆ ನೋಡಿ, ದಾಖಲಾತಿಗಳು ಮಳೆಗಾಲದ ಅಣಬೆಯ ಹಾಗೆ ಎದ್ದವು.

ನಮ್ಮೂರಿನದ್ದನ್ನು ನೋಡಬೇಕು ಅಂತ ಕೇಳಿದೆ. ಬೀರುವಿನ ಕೀಲಿ ಹುಡುಕಲು ಅರ್ಧ ತಾಸು ಹಿಡಿಯಿತು. ಒಳ್ಳೆಯ ಬೈಂಡಿಂಗು, ದಪ್ಪ ಹಾಳೆ. ಮಾವು, ಹಲಸು, ತೆಂಗು, ಅಡಿಕೆ, ತುಳಸಿ, ಬೇವು. ಇಡೀ ಕರ್ನಾಟಕದ ಯಾವ ಊರಿಗಾದರೂ ಹೊಂದುವ ಪಟ್ಟಿ. ವಾಟೆಹುಳಿ ಇಲ್ಲ. ಉಪ್ಪಾಗೆ ಇಲ್ಲ. ಉಪ್ಪಿನಕಾಯಿಯ ಮಾವು ಅಪ್ಪೆಮಿಡಿ ಅಂತ ಒಂದೇ ಸಾಲು ಇದೆ, ನಮ್ಮ ಹೊಳೆಯಂಚಿನಲ್ಲೇ ಜೀರಿಗೆ ವಾಸನೆಯದ್ದು ಬೇರೆ, ಕರ್ಪೂರದ ವಾಸನೆಯದ್ದು ಬೇರೆ ಮರ ಇದ್ದರೂ. ಪುಟ ತಿರುಗಿಸುತ್ತಾ ಹೋದೆ. ಔಷಧಿ ಸಸ್ಯ ಅನ್ನುವ ಭಾಗದಲ್ಲಿ ‘ಬ್ರಾಹ್ಮಿ’ ಅಂತ ಇತ್ತು. ಪಕ್ಕದಲ್ಲಿ ವೈಜ್ಞಾನಿಕ ಹೆಸರು, ಬಕೋಪಾ ಮೊನಿಯೆರಿ. ಉಪಯೋಗ ಅನ್ನುವ ಕಡೆ, ‘ತಂಬುಳಿ’.

ಅದು ತಪ್ಪು. ಬಕೋಪಾ ಅಂದರೆ ನೀರುಬ್ರಾಹ್ಮಿ. ಸಣ್ಣ ಸಣ್ಣ ದಪ್ಪ ಎಲೆ, ಕಾಂಡದ ಎರಡೂ ಕಡೆ ಜೋಡಿ ಜೋಡಿಯಾಗಿ ಬರುತ್ತದೆ, ಬಿಳಿ ಹೂ ಬಿಡುತ್ತದೆ, ವಿಪರೀತ ಕಹಿ. ನಾವು ತಂಬುಳಿ ಮಾಡುವ ಬ್ರಾಹ್ಮಿ ಒಂದೆಲಗ. ಎರಡಕ್ಕೂ ಬ್ರಾಹ್ಮಿ ಅನ್ನುವ ಹೆಸರಿದೆ, ಅದಕ್ಕೇ ಈ ಗೊಂದಲ. ಬರೆದವರು ಕಂಪ್ಯೂಟರಿನಲ್ಲಿ ಬ್ರಾಹ್ಮಿ ಅಂತ ಹುಡುಕಿದ್ದಾರೆ, ಮೊದಲು ಸಿಕ್ಕಿದ್ದನ್ನು ಬರೆದಿದ್ದಾರೆ. ಚರಂಡಿಯ ಬದಿಗೆ ಬಂದು ಎಲೆ ಕಿತ್ತು ನೋಡಿಲ್ಲ. ಊರಿನ ಒಬ್ಬ ಹೆಂಗಸನ್ನು ಕೇಳಿದ್ದರೂ ಸಾಕಿತ್ತು.

ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದವರು. ಯಾವ ಜಾತಿಗೆ ತಾಯಿ ಮರ ಯಾವುದು, ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳಕೆ ಬರಿಸಬೇಕು, ಎಲ್ಲ ತಲೆಯಲ್ಲೇ ಇಟ್ಟುಕೊಂಡವರು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ನಡೆದು ಹೋಗಿ ಪದ್ಮಶ್ರೀ ತಗೊಂಡರು. ಆ ಫೋಟೋವನ್ನು ನಾವೆಲ್ಲ ಮೊಬೈಲಿನಲ್ಲಿ ಕಳಿಸಿದ್ದೇ ಕಳಿಸಿದ್ದು. ನಿಮ್ಮ ಕಚೇರಿಗಳ ಗೋಡೆಯ ಮೇಲೂ ಇದ್ದೀತು. 2024ರ ಡಿಸೆಂಬರ್‌ನಲ್ಲಿ ಅವರು ಹೋದರು. ಅವರ ಜೊತೆ ಎಷ್ಟು ಹೋಯಿತು ಅಂತ ಲೆಕ್ಕ ಇಟ್ಟವರು ಯಾರು? ಪ್ರತಿ ಊರಲ್ಲೂ ಪದ್ಮಶ್ರೀ ಸಿಗದ ಒಬ್ಬಿಬ್ಬರು ತುಳಸಿ ಗೌಡರು ಇದ್ದಾರೆ. ಹಾಲಕ್ಕಿಯವರಲ್ಲಿ, ಕುಣಬಿಯರಲ್ಲಿ, ಸಿದ್ದಿಯರಲ್ಲಿ, ಗೌಳಿಗಳಲ್ಲಿ, ನಮ್ಮ ಹವ್ಯಕರ ಅಡುಗೆ ಮನೆಗಳಲ್ಲಿ. ದಾಖಲಾತಿ ಬರೆಯುವ ದಿನ ಇವರಲ್ಲಿ ಯಾರನ್ನು ಕರೆದಿದ್ದಿರಿ?

ನನಗೆ ಕೇಳಿದರೆ, ನಮ್ಮ ಜಿಲ್ಲೆಯ ನಿಜವಾದ ದಾಖಲಾತಿ ಬೀರುವಿನಲ್ಲಿ ಇಲ್ಲ. ಚೌತಿಯ ದಿನ ಗಣಪತಿಯ ತಲೆಯ ಮೇಲೆ ತೂಗುತ್ತಿರುತ್ತದೆ. ನಾವು ಫಲಾವಳಿ ಅನ್ನುತ್ತೇವೆ, ಕಾರವಾರ ಕಡೆ ಮಾಟೋಳಿ. ಅಡಿಕೆ ಗೊನೆ, ಮಾದಲಕಾಯಿ, ಅಮಟೆಕಾಯಿ, ಹಾಗಲಕಾಯಿ, ಕಾಡಿನಿಂದ ತಂದ ಹೆಸರು ಗೊತ್ತಿರುವ ಮತ್ತು ಗೊತ್ತಿಲ್ಲದ ಕಾಯಿಗಳು. ಹಿಂದಿನ ದಿನ ಮಕ್ಕಳನ್ನು ಕಟ್ಟಿಕೊಂಡು ಬೆಟ್ಟಕ್ಕೆ ಹೋಗಿ ತರುತ್ತಿದ್ದೆವು. ಕಾರವಾರದ ನನ್ನ ಗೆಳತಿಯೊಬ್ಬಳಿದ್ದಾಳೆ. ಬಂಗುಡೆ ಸಾರಿಗೆ ತೆಪ್ಪಲ ಹಾಕದಿದ್ದರೆ ಅದು ಸಾರೇ ಅಲ್ಲ ಅನ್ನುವವಳು. ತೆಪ್ಪಲ ಅಂದರೆ ನಮ್ಮ ಜುಮ್ಮನಕಾಯಿ, ಮೈಯೆಲ್ಲ ಮುಳ್ಳಿರುವ ಮರ, ಬೀಜ ಬಿಸಾಡಿ ಸಿಪ್ಪೆ ಮಾತ್ರ ಬಳಸುವುದು, ನಾಲಿಗೆಗೆ ಜುಮ್ ಅನ್ನುತ್ತದೆ. ಅವಳು ಹೇಳುತ್ತಾಳೆ, “ಈಗ ಮಾಟೋಳಿ ಸಾಮಾನು ಎಲ್ಲ ಪೇಟೆಯಲ್ಲಿ ಕಟ್ಟಿಟ್ಟು ಮಾರ್ತಾರೆ ಮಾರಾಯ್ತಿ, ಪ್ಲಾಸ್ಟಿಕ್ ಸೇಬು ಸೇರಿ.” ದೇವರಿಗೆ ಅದರಿಂದ ತೊಂದರೆ ಇಲ್ಲ ಬಿಡಿ. ತೊಂದರೆ ಮಗುವಿಗೆ. ಪೇಟೆಯಲ್ಲಿ ಕೊಂಡ ಕಾಯಿಗೆ ಹೆಸರು ಯಾರು ಹೇಳಿಕೊಡುತ್ತಾರೆ?

ಫಲಾವಳಿಯ ಹೊತ್ತಿಗೇ ಬೇಲಿಯಲ್ಲಿ ಗೌರಿ ಹೂ ಅರಳುತ್ತದೆ. ಅಗ್ನಿಶಿಖೆ. ಬೆಂಕಿಯ ಬಣ್ಣ, ಕಣ್ಣು ಕೀಳಲಾಗದಷ್ಟು ಚೆಂದ. ಅದರ ಗೆಡ್ಡೆ ಕಡು ವಿಷ. ಅದರಲ್ಲಿರುವ ಕೋಲ್ಚಿಸಿನ್ ಅನ್ನುವ ಅಂಶವನ್ನೇ ಡಾಕ್ಟರರು ಗೌಟ್ ಅನ್ನುವ ಕೀಲುನೋವಿಗೆ ಅಳೆದು ಕೊಡುತ್ತಾರೆ. ಪ್ರಮಾಣ ತಪ್ಪಿದರೆ ಪ್ರಾಣ ಹೋಗುತ್ತದೆ. ನನ್ನ ಅಜ್ಜಿ ಹೂವು ಕೊಯ್ಯಲು ಬಿಡುತ್ತಿದ್ದಳು, ಗೆಡ್ಡೆ ಅಗೆಯಲು ಹೋದರೆ ಕೈ ಮೇಲೆ ಬೀಳುತ್ತಿತ್ತು. ಅವಳ ತಿಳಿವಳಿಕೆಯಲ್ಲಿ ಅರ್ಧ ಇದ್ದದ್ದು ಯಾವುದನ್ನು ತಿನ್ನಬಾರದು ಅನ್ನುವುದೇ. ಕಳಲೆಯನ್ನೂ ಹೆಚ್ಚಿ, ಮೂರು ದಿನ ನೀರು ಬದಲಿಸಿ ನೆನೆಸಿ, ಬೇಯಿಸಿಯೇ ತಿನ್ನುವುದು. ಹಸಿಯದರಲ್ಲಿ ಸಯನೈಡ್ ಆಗುವ ಅಂಶ ಇರುತ್ತದೆ ಅಂತ ವಿಜ್ಞಾನದವರು ಹೇಳುತ್ತಾರೆ. ಅಜ್ಜಿಗೆ ಸಯನೈಡ್ ಗೊತ್ತಿರಲಿಲ್ಲ, ಮೂರು ದಿನ ಅನ್ನುವುದು ಗೊತ್ತಿತ್ತು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಈಗ ವಾಟ್ಸಾಪಿನಲ್ಲಿ ಬರುವ ಸೊಪ್ಪಿನ ಪುರಾಣದಲ್ಲಿ ಈ ಅರ್ಧ ಇರುವುದೇ ಇಲ್ಲ. ‘ನೈಸರ್ಗಿಕ, ಯಾವ ಅಡ್ಡಪರಿಣಾಮವೂ ಇಲ್ಲ’ ಅಂತ ಇರುತ್ತದೆ. ಕೊರೊನಾ ಕಾಲದಲ್ಲಿ ಅಮೃತಬಳ್ಳಿಯನ್ನು ಜನ ಲೋಟಗಟ್ಟಲೆ ಕುದಿಸಿ ಕುಡಿದರು. ಹಾಗೆ ಕುಡಿದ ಕೆಲವರ ಲಿವರ್‌ಗೆ ಪೆಟ್ಟು ಬಿದ್ದದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಅದು ಅಮೃತಬಳ್ಳಿ ಅಲ್ಲ, ಅದರಂತೆಯೇ ಕಾಣುವ ಬೇರೆ ಬಳ್ಳಿ ಇರಬಹುದು ಅಂತ ಆಯುಷ್ ಸಚಿವಾಲಯ ಅಂದಿತು. ಯಾರು ಸರಿ ಅಂತ ತೀರ್ಪು ಕೊಡುವವಳು ನಾನಲ್ಲ. ಆದರೆ ಎರಡೂ ಕಡೆಯವರ ಮಾತಿನಿಂದ ಒಂದಂತೂ ಗೊತ್ತಾಗುತ್ತದೆ. ಗಿಡ ಗುರುತಿಸಲು ಬಾರದವರು ಕಷಾಯ ಕಾಯಿಸಬಾರದು. ಗುರುತಿಸಲು ಕಲಿಸುವುದು ಪುಸ್ತಕ ಅಲ್ಲ, ಜೊತೆಗೆ ಕರೆದುಕೊಂಡು ಹೋಗಿ ತೋರಿಸುವ ಒಬ್ಬ ಮನುಷ್ಯ.

ಉಪ್ಪಾಗೆಯ ಕಥೆಯೂ ಇದೇ. ನಮ್ಮಲ್ಲಿ ಉಪ್ಪಾಗೆ ಸಿಪ್ಪೆ ಹುಳಿಗೆ, ಬೀಜ ತುಪ್ಪಕ್ಕೆ. ದೋಸೆಗೆ ಉಪ್ಪಾಗೆ ತುಪ್ಪ ಹಾಕಿ ಬೆಳೆದವರು ನನ್ನ ಗಂಡ. ಅದರ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಮೈಯ ಬೊಜ್ಜು ಕರಗಿಸುತ್ತದೆ ಅಂತ ಹೊರದೇಶಗಳಲ್ಲಿ ಸುದ್ದಿಯಾಯಿತು. 1990ರ ದಶಕದಲ್ಲಿ ಬೆಲೆ ಏರಿತು. ಕಾಯಿ ಹಣ್ಣಾಗುವವರೆಗೆ ಕಾಯುವವರಿಲ್ಲ, ನಾಳೆ ಇನ್ನೊಬ್ಬ ಕೊಯ್ದರೆ ಅನ್ನುವ ಅವಸರ, ಟೊಂಗೆ ಸಮೇತ ಕಡಿದು ಕೆಡವಿದರು. ಉಪ್ಪಾಗೆ ಬರುವುದು ಸುರಿಯುವ ಮಳೆಯಲ್ಲಿ. ಮುರುಗಲಿನ (ಕೋಕಂ) ಹಾಗೆ ಬಿಸಿಲಿಗೆ ಹಾಕಿ ಒಣಗಿಸುವಂತಿಲ್ಲ. ಹಗಲೂ ರಾತ್ರಿ ಬೆಂಕಿ ಹಾಕಬೇಕು. ಒಂದು ಮರದ ಸಿಪ್ಪೆ ಒಣಗಿಸಲು ಇನ್ನೊಂದು ಮರ ಕಟ್ಟಿಗೆ ಆಗುತ್ತಿತ್ತು. ಅಷ್ಟೆಲ್ಲ ಮಾಡಿದ್ದು ಯಾವುದಕ್ಕೆ? 1998ರಲ್ಲಿ ಅಮೆರಿಕದವರು 135 ಜನರ ಮೇಲೆ ಹನ್ನೆರಡು ವಾರ ಪರೀಕ್ಷೆ ಮಾಡಿ ನೋಡಿದರು. ಸುಮ್ನೆ ಖಾಲಿ ಗುಳಿಗೆ ತಿಂದವರಿಗಿಂತ ಇದನ್ನು ತಿಂದವರು ಜಾಸ್ತಿಯೇನೂ ಇಳಿಯಲಿಲ್ಲ. ಇಂಥ ಗುಳಿಗೆಗಳಿಂದ ಲಿವರ್ ಕೆಟ್ಟ ವರದಿಗಳೂ ಆಮೇಲೆ ಬಂದವು. ಸಾರಿಗೆ ನಾಲ್ಕು ಸಿಪ್ಪೆ ಹಾಕಿ ಉಂಡ ನಮಗೆ ಏನೂ ಆಗಲಿಲ್ಲ. ಸಾರಿಗೆ ಹಾಕುವ ಹುಳಿಯನ್ನು ಗುಳಿಗೆ ಮಾಡಲು ಹೋಗಿ ಮರವೂ ಹೋಯಿತು, ಮಾನವೂ ಹೋಯಿತು.

ಅದಕ್ಕೇ ಒಂದು ವಿನಂತಿ. ಈ ಪತ್ರ ಓದಿ ಯಾರಾದರೂ ‘ಒಂದೆಲಗ ಸಂಸ್ಕರಣಾ ಘಟಕ’, ‘ತಂಬುಳಿ ಬ್ರ್ಯಾಂಡ್’ ಅಂತ ಯೋಜನೆ ಬರೆಯಬೇಡಿ. ನಾನು ಕೇಳುತ್ತಿರುವುದು ಅದಲ್ಲ.

ಇನ್ನೊಂದು ಮಾತೂ ಹೇಳಲೇಬೇಕು. ಸೊಪ್ಪು, ಕಷಾಯ ಅನ್ನುವವರು ಆಸ್ಪತ್ರೆಯ ವಿರೋಧಿಗಳು ಅಂತ ತಿಳಿಯಬೇಡಿ. ಹಾವು ಕಚ್ಚಿದರೆ ಬೇರು ಅರೆಯುತ್ತಾ ಕೂರುವುದು ಕೊಲೆ ಮಾಡಿದ ಹಾಗೆ. ಅದಕ್ಕಿರುವುದು ಆಸ್ಪತ್ರೆಯ ಇಂಜೆಕ್ಷನ್ ಒಂದೇ. ಸಿದ್ದಾಪುರ ಕಡೆ ಬೇಸಿಗೆ ಬಂತೆಂದರೆ ಮಂಗನ ಕಾಯಿಲೆಯ ಭಯ, ಅದಕ್ಕೆ ಯಾವ ತಂಬುಳಿಯೂ ಮದ್ದಲ್ಲ. ಲಕ್ವ ಹೊಡೆದವರನ್ನು ನಾಟಿ ಔಷಧಕ್ಕೆ ಅಂಕೋಲಾ ಕಡೆ ದೂರದೂರದಿಂದ ಕರೆತರುವುದನ್ನು ನಾನೂ ಕಂಡಿದ್ದೇನೆ. ಆದರೆ ಮಿದುಳಿನ ರಕ್ತನಾಳದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವುದು ನಾಲ್ಕೂವರೆ ತಾಸು ಮಾತ್ರ. ಮೊದಲು ಆಸ್ಪತ್ರೆ, ಉಳಿದದ್ದು ಆಮೇಲೆ. ತೊಂದರೆ ಏನೆಂದರೆ ಆ ನಾಲ್ಕೂವರೆ ತಾಸಿನಲ್ಲಿ ಹುಬ್ಬಳ್ಳಿಯೋ ಮಣಿಪಾಲವೋ ಮುಟ್ಟಬೇಕು. ದೊಡ್ಡ ಆಸ್ಪತ್ರೆ ನಮ್ಮ ಜಿಲ್ಲೆಗೆ ಬೇಕು ಅಂತ ಎಷ್ಟು ವರ್ಷದಿಂದ ಕೂಗುತ್ತಿದ್ದೇವೆ. ಮನೆಮದ್ದಿನ ಹೊಗಳಿಕೆ ಆಸ್ಪತ್ರೆ ಕಟ್ಟದೆ ಇರಲು ಯಾರಿಗೂ ನೆಪ ಆಗಬಾರದು. ಆಸ್ಪತ್ರೆಯೂ ಬೇಕು, ಚರಂಡಿ ಬದಿಯ ಸೊಪ್ಪೂ ಬೇಕು. ಎರಡನೆಯದು ನಿಮ್ಮ ಕೈಯಲ್ಲಿದೆ, ಅದಕ್ಕೆ ಬೆಂಗಳೂರಿನ ಸಹಿ ಬೇಡ.

ನಾನು ಕೇಳುವುದು ಹೆಚ್ಚಿಲ್ಲ. ಸಾರ್ವಜನಿಕ ಜಾಗದಲ್ಲಿ ಕಳೆನಾಶಕ ಹೊಡೆಯುವುದಿಲ್ಲ ಅಂತ ಮುಂದಿನ ಸಭೆಯಲ್ಲಿ ಒಂದು ಠರಾವು ಮಾಡಿ. ಹುಲ್ಲು ಸವರುವ ಯಂತ್ರ ಈಗ ಅರ್ಧ ಊರಿನ ಮನೆಗಳಲ್ಲಿದೆ, ಬಾಡಿಗೆಗೆ ತನ್ನಿ. ಹುಲ್ಲು ಕತ್ತರಿಸಿದರೆ ಒಂದೆಲಗಕ್ಕೆ ಏನೂ ಆಗುವುದಿಲ್ಲ, ಅದು ನೆಲಕ್ಕೆ ಅಂಟಿಕೊಂಡಿರುತ್ತದೆ, ಮೇಲಿನ ನೆರಳು ಹೋಗಿ ಇನ್ನೂ ಚೆನ್ನಾಗಿ ಚಿಗುರುತ್ತದೆ. ಅನಿವಾರ್ಯವಾಗಿ ಎಲ್ಲಾದರೂ ಹೊಡೆಯಲೇಬೇಕು ಅಂತಾದರೆ, ಮೂರು ದಿನ ಮೊದಲೇ ಡೇರಿಯಲ್ಲೂ ಅಂಗನವಾಡಿಯಲ್ಲೂ ಚೀಟಿ ಹಚ್ಚಿ. ನೋಟಿಸ್ ಬೋರ್ಡಿಗೆ ಹಚ್ಚಿದರೆ ನಾವು ನೋಡುವುದಿಲ್ಲ.

ಆಮೇಲೆ ಆ ಬೀರು ತೆಗೆಯಿರಿ. ದಾಖಲಾತಿ ಒಂದು ಸಲ ಬರೆದು ಬೀಗ ಹಾಕುವ ಪುಸ್ತಕ ಅಲ್ಲ, ತಿದ್ದುತ್ತಾ ಹೋಗಬೇಕಾದದ್ದು. ಊರಿನ ಐದಾರು ಹೆಂಗಸರನ್ನು, ಒಬ್ಬಿಬ್ಬರು ಬೆಟ್ಟ ತಿರುಗಿದ ಗಂಡಸರನ್ನು ಕರೆಯಿರಿ. ಕಚೇರಿಗೆ ಕರೆಯಬೇಡಿ, ನೀವೇ ಅವರ ಜೊತೆ ನಡೆಯಿರಿ. ಜುಲೈಯಲ್ಲಿ ಒಂದು ದಿನ, ಜನವರಿಯಲ್ಲಿ ಒಂದು ದಿನ. ಗಿಡಕ್ಕೆ ಊರ ಹೆಸರು ನಾವು ಹೇಳುತ್ತೇವೆ. ವೈಜ್ಞಾನಿಕ ಹೆಸರಿಗೆ ಸಿರ್ಸಿಯಲ್ಲೇ ಅರಣ್ಯ ಮಹಾವಿದ್ಯಾಲಯ ಇದೆ, ಅಲ್ಲಿಯ ಮಕ್ಕಳು ಖುಷಿಯಿಂದ ಬಂದಾರು. ಎಲ್ಲವನ್ನೂ ಬರೆಯಲೇಬೇಕು ಅಂತ ಒತ್ತಾಯ ಮಾಡಬೇಡಿ. ಕೆಲವರು ಕೆಲವು ಬೇರಿನ ಗುಟ್ಟು ಹೇಳುವುದಿಲ್ಲ, ಅದು ಅವರ ಮನೆಯ ಆಸ್ತಿ. ತಿನ್ನುವ ಸೊಪ್ಪಿನ ವಿಷಯದಲ್ಲಿ ಗುಟ್ಟು ಇಟ್ಟುಕೊಂಡವರನ್ನು ನಾನು ಇಲ್ಲಿಯವರೆಗೆ ಕಂಡಿಲ್ಲ. ಕೇಳಿದರೆ ಸಾಕು, ಕೂರಿಸಿ ಬಡಿಸಿಯೇ ಹೇಳುತ್ತಾರೆ.

ವನಮಹೋತ್ಸವಕ್ಕೆ ಗಿಡ ಬೇಕು ಅಂತ ನರ್ಸರಿಗೆ ಬರೆಯುವಾಗಲೂ ಒಂದು ಸಾಲು ಸೇರಿಸಿ. ಅಕೇಶಿಯಾ ಸಾಕು, ನಲವತ್ತು ವರ್ಷ ನೆಟ್ಟಿದ್ದೀರಿ, ಅದರ ಕೆಳಗೆ ಒಂದು ಹಿಡಿ ಸೊಪ್ಪು ನಾನು ಕೊಯ್ದದ್ದಿಲ್ಲ. ಮುರುಗಲು, ವಾಟೆ, ಉಪ್ಪಾಗೆ, ಜುಮ್ಮನಕಾಯಿ, ಅಮಟೆ ಕೊಡಿ ಅನ್ನಿ. ಮುರುಗಲು ನೆಟ್ಟರೆ ಬೇಸಿಗೆಗೆ ಪಾನಕ, ಕಾರವಾರದವರಿಗೆ ಸೋಲ್‌ಕಡಿ, ಚಳಿಗಾಲಕ್ಕೆ ಒಡೆದ ಹಿಮ್ಮಡಿಗೆ ತುಪ್ಪ. ಕಲ್ಲಿನಂತಿರುವ ಮುರುಗಲ ತುಪ್ಪದ ಉಂಡೆ ಅಂಗೈಯಲ್ಲಿ ಉಜ್ಜಿದರೆ ಮೆತ್ತಗಾಗುತ್ತದೆ, ಮಲಗುವ ಮುಂಚೆ ಹಚ್ಚಿಕೊಂಡರೆ ನಾಲ್ಕು ದಿನಕ್ಕೆ ಬಿರುಕು ಮುಚ್ಚಿಕೊಳ್ಳುತ್ತದೆ. ಈ ಪತ್ರ ಬರೆಯುವಾಗಲೂ ನನ್ನ ಕಾಲಿಗೆ ಅದೇ ಹಚ್ಚಿದೆ. ಹಾಳೆಯ ಮೇಲೆ ಒಂದು ಎಣ್ಣೆ ಕಲೆ ಕಂಡರೆ ಅದು ಅದೇ, ಬೇಜಾರು ಮಾಡಿಕೊಳ್ಳಬೇಡಿ.

ಮೊನ್ನೆ ಕಿರುಸೇತುವೆಯ ಹತ್ತಿರ ಹೋಗಿದ್ದೆ. ಸತ್ತ ಬದುವಿನ ತುದಿಯಲ್ಲಿ, ನೀರು ಜಿನುಗುವ ಕಲ್ಲಿನ ಸಂದಿಯಲ್ಲಿ, ಒಂದೆಲಗದ ನಾಲ್ಕೈದು ಎಲೆ ಮತ್ತೆ ಬಂದಿವೆ. ಬಟಾಣಿ ಕಾಳಿನಷ್ಟು. ಕೊಯ್ಯಲಿಲ್ಲ. ಎರಡು ಮಳೆಗಾಲ ಹೋಗಲಿ ಅಂದುಕೊಂಡಿದ್ದೇನೆ. ಅಲ್ಲಿ ಒಂದು ಗೂಟ ನೆಟ್ಟು ಹಳೆಯ ಕೆಂಪು ಸೀರೆಯ ಚೂರು ಕಟ್ಟಿದ್ದೇನೆ. ಪಂಪು ಹಿಡಿದು ಬರುವ ಹುಡುಗನಿಗೆ ಹೇಳಿಬಿಡಿ.

ಇಂತಿ,
ಸಿರ್ಸಿ ತಾಲ್ಲೂಕಿನ ಒಬ್ಬ ಗೃಹಿಣಿ, ನಿಮ್ಮ ಮತದಾರಳು